ನಾಲ್ಕನೇ ಹಾಸಿಗೆಯ ವಿಳಾಸ

ಹಾಲೇಶನನ್ನು ಹಿರಿಯೂರಿನಲ್ಲಿ ಬಲ್ಲವರೆಲ್ಲ ಪುಕ್ಕಲ ಎನ್ನುತ್ತಾರೆ. ಯಲ್ಲದಕೆರೆಯವನು. ಕೇಬಲ್ ಟಿವಿಯ ವೈರು ಎಳೆಯುತ್ತಿದ್ದವನು ಈಗ ಕಂಪ್ಯೂಟರ್ ನೆಟ್‌ವರ್ಕ್ ಕೆಲಸಕ್ಕೆ ಬಂದಿದ್ದಾನೆ. ಹಾಕಿದ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡುವ ಆಸಾಮಿ. ಈ ಮನುಷ್ಯ ತನ್ನ ನೆರಳಿಗೂ ಹೆದರುತ್ತಾನೆ ಎಂದು ಹೆಂಡತಿ ಶಿವಗಂಗಾ ನಗುತ್ತಾಳೆ. ನಗಲಿ ಬಿಡಿ, ಹೆದರದವರು ಕೆಡಿಸಿಟ್ಟದ್ದನ್ನು ಸರಿಮಾಡಿಯೇ ಅವನ ಮನೆ ನಡೆಯುತ್ತಿರುವುದು.

ಹೊಳಲ್ಕೆರೆಯ ಒಂದು ನರ್ಸಿಂಗ್ ಹೋಮಿಗೆ ಹೋದ ದಿನ ಮಾತ್ರ ಆ ಭಯ ಎದೆಯಲ್ಲೇ ಬಂದು ಕೂತಿತು. ಅಲ್ಲಿ ಪ್ರತಿ ಹಾಸಿಗೆಯ ಪಕ್ಕದ ಮಾನಿಟರ್ ತೋರಿಸುವ ನಾಡಿಬಡಿತ, ಬಿಪಿ ಎಲ್ಲ ನರ್ಸ್ ಕೂರುವ ಮೇಜಿನ ದೊಡ್ಡ ಪರದೆಗೂ ಬರಬೇಕು. ಹಾಗೆ ಬರಲು ಪ್ರತಿ ಯಂತ್ರಕ್ಕೂ ನೆಟ್‌ವರ್ಕಿನಲ್ಲಿ ಒಂದು ವಿಳಾಸ, ಅಂದರೆ ಅದರದೇ ಒಂದು ಸಂಖ್ಯೆ, ಬೇಕು. ಅಲ್ಲಿಯವರೆಗೆ ಅದನ್ನು ಹಂಚುತ್ತಿದ್ದದ್ದು ಒಂದು ಹಳೆಯ ರೂಟರ್. ಆ ಕೆಲಸವನ್ನು ಕೇಬಲ್ಲುಗಳೆಲ್ಲ ಬಂದು ಸೇರುವ ಹೊಸ ಸ್ವಿಚ್ಚಿಗೆ ವಹಿಸುವುದು, ಅಂದರೆ ಅದರಲ್ಲಿ ಡಿಎಚ್‌ಸಿಪಿ ಸರ್ವರ್ ಹೊಂದಿಸುವುದು, ಹಾಲೇಶನ ಪಾಲಿಗೆ ಬಂದಿತ್ತು. ಹಂಚುವವರು ಇಬ್ಬರಾದರೆ ಯಂತ್ರಗಳು ದಿಕ್ಕು ತಪ್ಪುತ್ತವೆ. ಅದಕ್ಕೇ ಮೊದಲು ಕೇಳಿದ: "ಹಳೇ ರೂಟರ್ ತೆಗ್ದೀರೇನ್ರಿ?"

"ನಿನ್ನೇನೇ ತೆಗ್ದು ಮೇಲಕ್ಕೆ ಕೊಟ್ವಿ," ಎಂದಳು ನರ್ಸ್ ಹೇಮಾವತಿ. ಮೇಲೆ ಎಂದರೆ ಮಹಡಿಯ ಮೇಲಿನ ಡಾಕ್ಟರ ಮನೆ.

ಸ್ವಿಚ್ಚಿನಲ್ಲಿ ವಿಳಾಸಗಳ ಸಾಲು ಬರೆದು ಚಾಲೂ ಮಾಡಿದ. ಮಾನಿಟರುಗಳು ಒಂದೊಂದಾಗಿ ಪರದೆಗೆ ಬಂದವು. ಉಸಿರು ಬಿಟ್ಟು ಟೀ ಲೋಟ ಎತ್ತಿಕೊಳ್ಳುವಷ್ಟರಲ್ಲಿ ಪರದೆಯಿಂದ ಎರಡನೇ ಹಾಸಿಗೆ ಮಾಯವಾಯಿತು. ಹಿಂದೆಯೇ ನಾಲ್ಕನೆಯದು. ಅಲ್ಲಿ ಮಲಗಿದ್ದವಳು ಬೆಳಿಗ್ಗೆಯಷ್ಟೇ ಹೆತ್ತ ತೇಜಸ್ವಿನಿ, ರಾಮಗಿರಿಯ ಹುಡುಗಿ.

ಹಾಲೇಶ ಲೋಟ ಕೆಳಗಿಟ್ಟ. ಕೇಬಲ್ ಜಗ್ಗಿದ, ಬರೆದದ್ದನ್ನು ಮತ್ತೆ ಓದಿದ, ತಪ್ಪು ಸಿಗಲಿಲ್ಲ. ಎರಡು ನಿಮಿಷ ಕೊಡ್ರಿ, ಬರ್ತೈತೆ ಎಂದುಬಿಟ್ಟರೆ ಮಾನ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರೊಳಗೆ ಬಾಣಂತಿಗೆ ಏನಾದರೂ ಆಗಿಬಿಟ್ಟರೆ ಎಂದು ನೆನೆದು ಅದನ್ನು ನುಂಗಿಕೊಂಡ.

"ಸಿಸ್ಟರ್, ನನ್ನ ಕೆಲಸ ಕೆಟ್ಟೈತೆ. ಈ ಸ್ಕ್ರೀನ್ ನಂಬಬ್ಯಾಡ್ರಿ. ನಾಕನೇ ಬೆಡ್ಡಿನ ಪಕ್ಕ ಹೋಗಿ ಕುಂತ್ಕಳ್ರಿ, ಏಳಬ್ಯಾಡ್ರಿ," ಎಂದ. ಹೇಮಾವತಿ ಗೊಣಗುತ್ತಲೇ ಹೋದಳು.

ನಾಲ್ಕನೆಯದಕ್ಕೆ ಸಿಕ್ಕಿದ್ದ ವಿಳಾಸ ಹುಡುಕಿ ನೋಡಿದ. ಅದು ತಾನು ಬರೆದ ಸಾಲಿನದಲ್ಲ. ಹಾಗಾದರೆ ಹಳೆಯ ರೂಟರ್ ಇನ್ನೂ ಹಂಚುತ್ತಲೇ ಇದೆ. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದ. ದೇವರ ಕೋಣೆಯಲ್ಲಿ ರೂಟರ್ ಮೈತುಂಬ ವಿಭೂತಿ ಬಳಿಸಿಕೊಂಡು, ದಾಸವಾಳ ಮುಡಿದು, ಹಸಿರು ದೀಪ ಮಿಟುಕಿಸುತ್ತ ಕೂತಿತ್ತು. ಅದರ ಕೇಬಲ್ ಕೆಳಗಿನ ಆಸ್ಪತ್ರೆಯ ನೆಟ್‌ವರ್ಕಿಗೆ ಹೋಗುವ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿಯೇ ಇತ್ತು.

"ಆಸ್ಪತ್ರೆಗೆ ಮೊದ್ಲು ಬಂದ ಮಿಷನ್ನು ಕಣಪ್ಪ," ಎಂದರು ಡಾಕ್ಟರ ತಾಯಿ ಬಸಮ್ಮ. "ಅದು ಬಂದ್ಮೇಲೇ ನಾವು ಕಣ್ಬಿಟ್ಟಿದ್ದು. ದೀಪ ಆರಬಾರ್ದು ಅಂತ ವೈರೆಲ್ಲ ಹಾಕ್ಸೀನಿ."

"ಅಮ್ಮಾರೆ, ಇದ್ರಿಂದ ಕೆಳಗೆ ಬಾಣಂತಿ ಜೀವಕ್ಕೆ ಕುತ್ತು ಬಂದೈತೆ. ಆರಿಸ್ತೀನಿ, ಬೈದ್ರೆ ಬೈಕಳ್ರಿ."

ಅವರು ಬೈಯಲಿಲ್ಲ. ತಾವೇ ಕೈಚಾಚಿ ವೈರು ಕಿತ್ತರು.

ಕೆಳಗೆ ಬಂದು ಮಾನಿಟರುಗಳಿಗೆ ಮತ್ತೆ ವಿಳಾಸ ಕೊಡಿಸಿದ. ಎರಡನೆಯದು ಬಂತು. ನಾಲ್ಕನೆಯದು ಬರಲೇ ಇಲ್ಲ. ವಾರ್ಡಿಗೆ ಓಡಿದ. ಹಾಸಿಗೆ ಖಾಲಿಯಿತ್ತು, ಮಾನಿಟರ್ ಆರಿತ್ತು, ಹಾಸಿದ ಬಟ್ಟೆಯ ತುಂಬ ರಕ್ತ. ಹಾಲೇಶ ಗೋಡೆಗೊರಗಿ ಅಲ್ಲೇ ಕೂತುಬಿಟ್ಟ.

ಬಹಳ ಹೊತ್ತಿನ ಮೇಲೆ ಆಪರೇಷನ್ ಕೋಣೆಯಿಂದ ಹೇಮಾವತಿ ಬಂದಳು. ಅವಳ ಮುಖ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

"ಉಳಿದ್ಲು," ಎಂದಳು. "ರಕ್ತ ಹೋಗ್ತಿದ್ರೂ ಮಾನಿಟರ್‌ನಾಗೆ ಬಿಪಿ ಇನ್ನೂ ಸರಿಯಾಗೇ ಇತ್ತು. ಪಕ್ಕದಾಗೆ ಕುಂತಿದ್ದಕ್ಕೆ ಹಾಸಿಗೆ ಒದ್ದೆ ಆಗಿದ್ದು ಕಾಣ್ತು. ಸ್ಕ್ರೀನ್ ಸರಿ ಇದ್ದಿದ್ರೆ ನಾನು ಮೇಜು ಬಿಟ್ಟು ಏಳ್ತಾನೇ ಇರ್ಲಿಲ್ಲ."