ಗಡಾಯಿಕಲ್ಲು ಹತ್ತಿದ ದೊಡ್ಡಮ್ಮ

ದೊಡ್ಡಮ್ಮನ ಹಿಮ್ಮಡಿಯ ಬಿರುಕುಗಳಲ್ಲಿ ಸೆಗಣಿಯ ಹಸಿರು ನಿಂತುಬಿಟ್ಟಿತ್ತು. ಅಂಗಳ ಸಾರಿಸಿ ಸಾರಿಸಿ ಹಾಗಾದದ್ದು. ಗಡಾಯಿಕಲ್ಲಿಗೆ ಹೊರಡುವ ಹಿಂದಿನ ಸಂಜೆ ಅವಳು ಬಾವಿಕಟ್ಟೆಯಲ್ಲಿ ಕೂತು ತೆಂಗಿನ ನಾರಿನಿಂದ ಅದನ್ನು ತಿಕ್ಕುತ್ತಿದ್ದಳು.

"ಟೀಚರು ನನ್ನ ಕಾಲು ನೋಡಿದರೆ ಏನು ಹೇಳಿಯಾರು ಮಗಾ?"

"ಟೀಚರಿಗೆ ನಿನ್ನ ಕಾಲು ನೋಡುವ ಕೆಲಸ ಉಂಟಾ?" ಎಂದೆ.

ನಮ್ಮ ಮನೆಯಲ್ಲಿ ಎಲ್ಲವೂ ಮೊದಲಿನಂತೆ ಇದ್ದ ಕೊನೆಯ ದಿನ ಅದು.

ದೊಡ್ಡಮ್ಮನೆಂದರೆ ನನ್ನ ತಾಯಿಯ ಅಕ್ಕ. ತಾಯಿ ತೀರಿಕೊಂಡಾಗ ನಾನು ತೊಟ್ಟಿಲಿನಲ್ಲಿದ್ದೆ, ಸಾಕಿದವಳು ಇವಳು. ಸಣ್ಣ ಪ್ರಾಯದಲ್ಲಿ ಗಂಡನನ್ನು ಕಳೆದುಕೊಂಡು ವೇಣೂರಿನ ಹತ್ತಿರದ ನಮ್ಮ ಮನೆಗೆ ಮರಳಿದ್ದಳು. ನಮ್ಮದು ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಮನೆ, ಯಜಮಾನಿಕೆ ಮಾವನದು. ಮಾವ ಅವಳಿಗೆ ತಮ್ಮನಾಗಬೇಕು. ಬಾಯಿ ತುಂಬ ಅಕ್ಕ ಎಂದು ಕರೆಯುತ್ತಿದ್ದರು. ಆದರೆ ಅವರ ಅಪ್ಪಣೆ ಇಲ್ಲದೆ ಅಕ್ಕ ಗದ್ದೆಯ ಆಚೆ ಕಾಲಿಡುವಂತಿರಲಿಲ್ಲ.

ದನದ ಹಟ್ಟಿಯ ಹಿಂದೆ ನಿಂತರೆ, ಮೋಡವಿಲ್ಲದ ದಿನ, ದೂರದಲ್ಲಿ ಗಡಾಯಿಕಲ್ಲು ಕಾಣುತ್ತಿತ್ತು. ಕಾಡಿನ ನಡುವೆ ಎದ್ದು ನಿಂತ ಒಂದೇ ಬಂಡೆ, ನೆತ್ತಿಯ ಮೇಲೆ ಹಳೆಯ ಕೋಟೆ. ದೊಡ್ಡಮ್ಮ ಹುಲ್ಲು ಹಾಕಲು ಹೋದವಳು ಅದನ್ನು ನೋಡುತ್ತ ನಿಂತುಬಿಡುತ್ತಿದ್ದಳು. ಒಮ್ಮೆ ಅದರ ಮೇಲೆ ನಿಲ್ಲಬೇಕು ಎಂಬುದೊಂದೇ ಅವಳು ಬಾಯಿಬಿಟ್ಟು ಹೇಳಿದ ಆಸೆ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ನಾನು ಬೆಳ್ತಂಗಡಿಯಲ್ಲಿ ಓದುತ್ತಿದ್ದೆ. ದೀಪಾವಳಿ ಕಳೆದ ಮೇಲೆ ನಮ್ಮ ಟೀಚರು ಹುಡುಗಿಯರನ್ನು ಗಡಾಯಿಕಲ್ಲಿಗೆ ಹತ್ತಿಸಿ ಒಂದು ರಾತ್ರಿ ಅಲ್ಲೇ ಶಿಬಿರ ಮಾಡುವುದೆಂದು ನಿಶ್ಚಯಿಸಿದರು. ಜೊತೆಗೆ ಹಿರಿಯ ಹೆಂಗಸೊಬ್ಬರು ಬೇಕೆಂದು ತಾವೇ ನಮ್ಮ ಮನೆಗೆ ಬಂದರು. ಮನೆಬಾಗಿಲಿಗೆ ಬಂದ ಟೀಚರಿಗೆ ಇಲ್ಲ ಎನ್ನಲು ಮಾವನಿಗೆ ಆಗಲಿಲ್ಲ.

"ಒಂದು ರಾತ್ರಿ. ಮರುದಿನ ಮಧ್ಯಾಹ್ನದ ಊಟಕ್ಕೆ ಇಬ್ಬರೂ ಇಲ್ಲಿರಬೇಕು" ಎಂದರು.

ಬಂಡೆಯಲ್ಲಿ ಕೊರೆದ ಮೆಟ್ಟಿಲು ಕಡಿದು, ಇಕ್ಕಟ್ಟು. ದೊಡ್ಡಮ್ಮ ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ತಲೆಯ ಮೇಲೆ ಅಕ್ಕಿಯ ಗಂಟು ಹೊತ್ತು, ಎಲ್ಲರಿಗಿಂತ ಮೊದಲು ಮೇಲೆ ತಲುಪಿದಳು. ಕಾಡು, ಗದ್ದೆ, ನದಿ ಎಲ್ಲ ಕಾಲಡಿಗೆ ಬಂದಿತ್ತು. ಅವಳು ನಮ್ಮ ಊರಿನ ದಿಕ್ಕಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ನಮ್ಮ ಮನೆ ಕಾಣುವುದೇ ಇಲ್ಲ ನೋಡು ಮಗಾ!" ಎಂದಳು. ಅಷ್ಟು ಸಂತೋಷದಿಂದ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬೆಳಗಾಗುವಾಗ ಮಳೆ ಹಿಡಿದಿತ್ತು. ಮಳೆಯ ಹಿಂದೆ ಮಂಜು. ಚಾಚಿದ ಕೈಯ ಬೆರಳು ಕಾಣದು. ಮೆಟ್ಟಿಲಿನ ಮೇಲೆ ನೀರು ಹರಿಯುತ್ತಿತ್ತು, ಪಕ್ಕದಲ್ಲಿ ಪ್ರಪಾತ. ಮಕ್ಕಳನ್ನು ಇಳಿಸುವುದಿಲ್ಲ ಎಂದರು ಟೀಚರು. ಕೋಟೆಯೊಳಗಿನ ಹಳೆಯ ಕೋಣೆಯೊಂದರಲ್ಲಿ ನಾವೆಲ್ಲ ಮುದುಡಿಕೊಂಡು ಕೂತೆವು. ಬಾಗಿಲಿನ ಆಚೆ ಬರೀ ಬಿಳುಪು, ಗೋಡೆ ಕಟ್ಟಿದ ಹಾಗೆ. ಕೆಲವರು ಅತ್ತರು. ದೊಡ್ಡಮ್ಮ ಉಳಿದ ಅಕ್ಕಿಯಲ್ಲಿ ಗಂಜಿ ಮಾಡಿ ಬಡಿಸಿ, ಕೈಗಳನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತಳು.

"ಹೆದರಿಕೆ ಆಗುವುದಿಲ್ಲವಾ?" ಎಂದು ಕೇಳಿದೆ.

"ಇಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ಹೀಗೆ ಕೂತದ್ದು ನನಗೆ ನೆನಪೇ ಇಲ್ಲ."

ಮೂರನೆಯ ದಿನ ಬೆಳಿಗ್ಗೆ ಮಳೆ ನಿಂತಿತು, ಮಂಜು ಸರಿದಿರಲಿಲ್ಲ. ನಾವಿಬ್ಬರೂ ಒಲೆಗೆ ಪುರಲೆ ಹೆಕ್ಕಲು ಕೋಟೆಗೋಡೆಯ ಕಡೆ ಹೋಗಿದ್ದೆವು. ಮಾವನ ಸ್ವರ ಕೇಳಿತು.

"ಅಕ್ಕಾ! ಅಕ್ಕಾ!"

ಬಾಯಿ ತೆರೆದೆ. ದೊಡ್ಡಮ್ಮ ನನ್ನ ಕೈ ಅದುಮಿದಳು. ಗುಡ್ಡೆಯಲ್ಲಿ, ಕಾಡಿನಲ್ಲಿ ಯಾರಾದರೂ ಕರೆದರೆ ಮೂರನೆಯ ಸಲಕ್ಕೆ ಮಾತ್ರ ಓಗೊಡಬೇಕು. ಮನುಷ್ಯರಲ್ಲದವರು ಒಟ್ಟಿಗೆ ಮೂರು ಸಲ ಕರೆಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಮಾವ ಏದುಸಿರು ಬಿಡುತ್ತ ಆಚೆ ಹೋದರು. ಸ್ವಲ್ಪ ಹೊತ್ತಿಗೆ ಪುನಃ ಎರಡು ಸಲ ಕರೆದರು, ಕೆಮ್ಮು ಬಂದು ನಿಲ್ಲಿಸಿದರು.

"ಅದು ಮಾವನೇ ಅಲ್ಲವಾ?" ಎಂದು ಪಿಸುಗುಟ್ಟಿದೆ.

"ಅವನೇ. ಕೆಮ್ಮು ಗೊತ್ತಾಗುವುದಿಲ್ಲವಾ? ಇನ್ನೊಂದು ಸಲ ಕರೆಯಲಿ."

ಕೊನೆಗೆ ಮಾವನೇ ಮಂಜಿನಿಂದ ನಮ್ಮೆದುರಿಗೆ ಬಂದು ನಿಂತರು. ಹಿಂದೆ ಕೆಲಸದ ಆಳು.

"ಕಿವಿ ಕೇಳುವುದಿಲ್ಲವಾ ನಿನಗೆ?"

"ಎರಡೆರಡೇ ಸಲ ಕರೆದೆಯಲ್ಲ ಮಾರಾಯ. ಅಮ್ಮ ಹೇಳಿಕೊಟ್ಟದ್ದು ನೀನು ಮರೆತೆಯಾ?"

ಆಳು ನಗು ತಡೆಯಲಾರದೆ ಆಚೆ ತಿರುಗಿದ. ಮಾವ ಅದನ್ನು ನೋಡಿದರು.

ಮಂಜು ತೆಳುವಾದ ಮೇಲೆ ಎಲ್ಲರೂ ಕೆಳಗಿಳಿದೆವು. ಮನೆಗೆ ಬಂದು ಚಾವಡಿಯಲ್ಲಿ ಕೂತವರೇ ಅವರು ಹೇಳಿದರು: "ಇನ್ನು ಇಬ್ಬರೂ ಗದ್ದೆ ದಾಟುವುದು ಬೇಡ. ಇವಳ ಶಾಲೆಯೂ ಸಾಕು."

ದೊಡ್ಡಮ್ಮ ಒದ್ದೆ ಸೀರೆಯಲ್ಲೇ ನಿಂತಿದ್ದಳು. "ನಾನು ದಾಟುವುದಿಲ್ಲ. ಮದುವೆಗೂ ಇಲ್ಲ, ದೇವಸ್ಥಾನಕ್ಕೂ ಇಲ್ಲ. ಮಗುವನ್ನು ಬಿಡು. ಓದುವಷ್ಟು ಓದಲಿ."

"ಮಾತು ಕೊಡ್ತೀಯಾ?"

"ಕೊಟ್ಟೆ."

ನಾನು ಬೆಳ್ತಂಗಡಿಯಲ್ಲಿ ಓದಿದೆ, ಮೂಡಬಿದ್ರೆಯಲ್ಲಿ ಓದಿದೆ, ಬಂಟ್ವಾಳದ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಅವಳು ಪೊಳಲಿಯ ಜಾತ್ರೆಗೆ ಕೂಡ ಹೋಗಲಿಲ್ಲ. ಪ್ರತಿ ರಜೆಗೆ ನಾನು ಬಂದಾಗ ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, "ಏನೇನು ಕಂಡೆ ಹೇಳು" ಎನ್ನುತ್ತಿದ್ದಳು. ಬಸ್ಸು ಎಲ್ಲಿ ಕೆಟ್ಟಿತು, ನೇತ್ರಾವತಿಯಲ್ಲಿ ನೀರೆಷ್ಟು, ಪಕ್ಕದಲ್ಲಿ ಕೂತವಳು ಎಲ್ಲಿಯವಳು, ಎಲ್ಲವೂ ಬೇಕು. ಚುಟುಕಾಗಿ ಮುಗಿಸಿದರೆ ಬೈಯುತ್ತಿದ್ದಳು: "ಅರ್ಧ ನುಂಗಬೇಡ. ಅವಳು ಇಳಿದದ್ದು ಎಲ್ಲಿ?"

ಪ್ರಾಯವಾದಂತೆ ಮಾವ ಮೆತ್ತಗಾದರು. ಒಮ್ಮೆ ನನ್ನೆದುರೇ ಹೇಳಿದರು: "ಅಕ್ಕ, ಬಂಟ್ವಾಳಕ್ಕೆ ಹೋಗಿ ಇವಳ ಬಿಡಾರ ನೋಡಿಕೊಂಡು ಬಾ. ನಾನೇ ಬಸ್ಸು ಹತ್ತಿಸ್ತೇನೆ."

"ಕೊಟ್ಟ ಮಾತು ನನ್ನದಲ್ಲವಾ? ನೀನು ಬಿಟ್ಟುಕೊಟ್ಟರೆ ಆಯಿತಾ?" ಎಂದು ಅವಳು ಹಟ್ಟಿಗೆ ಹೋದಳು. ಮಾವ ಮತ್ತೆ ಕೇಳಲಿಲ್ಲ. ನಾನು ಎಷ್ಟು ಅತ್ತು ಕರೆದರೂ ಬರಲಿಲ್ಲ.

ಈ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಸುದ್ದಿ ಸಿಕ್ಕಿ ನಾನು ತಲುಪುವಾಗ ಎಲ್ಲ ಮುಗಿದಿತ್ತು.

ದಸರಾ ರಜೆಗೆ ಮನೆಗೆ ಹೋಗಿದ್ದೆ. ದಾರಿಯಲ್ಲಿ ಕಂಡದ್ದನ್ನೆಲ್ಲ ಅಭ್ಯಾಸಬಲದಿಂದ ಒಂದೊಂದಾಗಿ ನೆನಪಿಟ್ಟುಕೊಂಡಿದ್ದೆ. ಮನೆಯವರೆಲ್ಲ ಚೆನ್ನಾಗಿ ಮಾತಾಡಿಸಿದರು, ಊಟ ಬಡಿಸಿದರು. ಏನೇನು ಕಂಡೆ ಎಂದು ಕೇಳುವವರು ಇಲ್ಲ.