ನಾನು ಮುಟ್ಟದ ರೊಟ್ಟಿ

ಹೋದ ವಾರ ಇಂಡಿ ಪಟ್ಟಣದಲ್ಲಿ ನಾನು ಮೈಕ್ ಹಿಡಿದು ‘ಕೆಲಸದಲ್ಲಿ ಕಾಯುವುದಕ್ಕಿಂತ ದೊಡ್ಡ ವೇಸ್ಟ್ ಇನ್ನೊಂದಿಲ್ಲ’ ಎಂದು ಭಾಷಣ ಬಿಗಿಯುತ್ತಿದ್ದೆ. ಅದೇ ಹೊತ್ತಿಗೆ ಬಸವನ ಬಾಗೇವಾಡಿಯಲ್ಲಿ ನಮ್ಮ ರೊಟ್ಟಿ ಕೇಂದ್ರದ ಮುಂದೆ ಮೂರು ಗಾಲಿಯ ಒಂದು ಟಂಟಂ ಗಾಡಿ ಕಾಯುತ್ತಾ ನಿಂತಿತ್ತು. ಯಾರಿಗಾಗಿ ಅಂತೀರಾ? ನನಗಾಗಿ!

ಮೊದಲಿನಿಂದ ಹೇಳುತ್ತೇನೆ. ನಾನೂ ನನ್ನ ಹೆಂಡತಿ ಶಾಂತಾಳೂ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತೇವೆ. (ಮಾಡುವವರು ಅವಳು ಮತ್ತು ಐದಾರು ಹೆಣ್ಣುಮಕ್ಕಳು. ಬೋರ್ಡಿನ ಮೇಲೆ ಹೆಸರು ನನ್ನದು.) ಈಚೆಗೆ ವಿಜಯಪುರದಲ್ಲಿ ಸಣ್ಣ ಉದ್ಯಮದವರಿಗೆ ‘ಲೀನ್’ ತರಬೇತಿ ಇತ್ತು. ಲೀನ್ ಅಂದರೆ ಇಷ್ಟೇ: ಕೆಲಸದಲ್ಲಿ ಬೇಡದ್ದನ್ನು ಹುಡುಕಿ ಕಿತ್ತುಹಾಕು, ತಪ್ಪು ತಾನೇ ಕಡಿಮೆಯಾಗುತ್ತದೆ. ಊಟ ಚೆನ್ನಾಗಿತ್ತು. ಸರ್ಟಿಫಿಕೇಟೂ ಸಿಕ್ಕಿತು. ಬಂದವನೇ ಶುರು ಹಚ್ಚಿಕೊಂಡೆ.

ಬೇಡದ ವಸ್ತುಗಳಿಗೆಲ್ಲ ಕೆಂಪು ಸ್ಟಿಕರ್. ಚಹಾದ ಕಿಟ್ಲಿಗೆ ಅಂಟಿಸಿದೆ. ಹೆಣ್ಣುಮಕ್ಕಳ ಎಲೆ-ಅಡಿಕೆ ಚೀಲಕ್ಕೂ ಅಂಟಿಸಿದೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಚ್ಚಿ, ರೊಟ್ಟಿ ಬಡಿಯುವ ಕಸ್ತೂರವ್ವನ ತಲೆಯ ಮೇಲೆಯೇ ನಿಂತೆ.

“ಅಣ್ಣಾರ, ಒಲಿ ಮುಂದಿಂದ ಸರೀರಿ. ನೀವು ನಿಂತ್ರ ನನ್ನ ಕೈ ಓಡೂದಿಲ್ಲ,” ಎಂದಳು.

ಬದಲಾವಣೆಗೆ ವಿರೋಧ ಇದ್ದೇ ಇರುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಹಾಗಾಗಿ ನಾನು ಸರಿಯಲಿಲ್ಲ.

ಒಂದು ಕೆಲಸವನ್ನು ಮಾತ್ರ ಮುಟ್ಟಲಿಲ್ಲ. ಯಾಕೆಂದರೆ ಅದು ನನ್ನ ಕೆಲಸ. ಮೊದಲಿನಿಂದಲೂ ನಮ್ಮಲ್ಲೊಂದು ಪದ್ಧತಿ: ನಾನು ನೋಡದೆ ಯಾವ ಬಾಕ್ಸೂ ಹೊರಡುವಂತಿಲ್ಲ. ಶಾಂತಾ ಪೇಪರ್ ಹಾಸಿ, ಒತ್ತಾಗಿ ರೊಟ್ಟಿ ಜೋಡಿಸಿ ಇಟ್ಟಿರುತ್ತಾಳೆ. ನಾನು ಬಂದು ಎಲ್ಲ ಬಿಚ್ಚಿ, ನಡುವಿನದನ್ನು ಎಳೆದು, ಸಂತೆಯಲ್ಲಿ ಗಡಿಗೆ ಬಾರಿಸಿದಂತೆ ಬೆರಳಿನಿಂದ ಬಾರಿಸಿ, ಸಪ್ಪಳ ಕೇಳಿ, ಒಂದನ್ನು ಮುರಿದು ರುಚಿ ನೋಡಿ (ಶೇಂಗಾ ಚಟ್ನಿ ಜೊತೆಗೆ), ನನ್ನ ಕೈಯಿಂದಲೇ ವಾಪಸ್ ತುಂಬುತ್ತಿದ್ದೆ. ಕ್ವಾಲಿಟಿ ಕಂಟ್ರೋಲ್ ಅಂದರೆ ಹುಡುಗಾಟವೇ?

ಈಗ ಕೊಲ್ಹಾರದ ವಿಷಯ. ಅದು ಶಾಂತಾಳ ತವರು. ಹೋದ ವರ್ಷ ಅವಳ ಅಣ್ಣನ ಮನೆಯ ಗೃಹಪ್ರವೇಶಕ್ಕೆ ರೊಟ್ಟಿ ಕಳಿಸಿದ್ದೆವು. ತಡವಾಗಿ ಮುಟ್ಟಿದವು. ಮುಟ್ಟಿದ್ದರಲ್ಲಿ ಅರ್ಧ ಮುರಿದಿದ್ದವು. ಬೀಗರ ಎದುರಿಗೇ ಅವಳ ವೈನಿ, ಅಂದರೆ ಆ ಅಣ್ಣನ ಹೆಂಡತಿ, ಕೇಳಿಬಿಟ್ಟಿದ್ದಳು: “ಶಾಂತಾ, ರೊಟ್ಟಿ ಕಳಿಸೀಯೋ, ನುಚ್ಚ ಕಳಿಸೀಯೋ?” ಶಾಂತಾ ಊಟ ಬಿಟ್ಟು ಎದ್ದು ಬಂದಿದ್ದಳು. ನಾನು ಟಂಟಂ ಡ್ರೈವರನ ಬ್ರೇಕಿಗೆ ಬೈದು ಸುಮ್ಮನಾಗಿದ್ದೆ.

ಈ ಸಲ ಅದೇ ಅಣ್ಣನ ಮಗಳ ಮದುವೆ. “ಮತ್ತ ಹಂಗಾದ್ರ ನಾ ತವರಮನಿ ಹೊಸ್ತಲಾ ತುಳಿಯಾಂಗಿಲ್ಲ,” ಎಂದಿದ್ದಳು.

ಮತ್ತು ನಾನು? ಮದುವೆಯ ಮುನ್ನಾದಿನ, ರೊಟ್ಟಿ ಹೊರಡುವ ದಿನವೇ ಇಂಡಿಗೆ ಹೋಗಿದ್ದೆ. ಅಲ್ಲಿ ಲಿಂಬೆ ವ್ಯಾಪಾರ ಮಾಡುವ ಗೆಳೆಯನೊಬ್ಬ, ತನ್ನ ಕಡೆಯವರಿಗೆ ಲೀನ್ ಬಗ್ಗೆ ಎರಡು ಮಾತು ಹೇಳು ಎಂದು ಕರೆದಿದ್ದ. ಎರಡೇ ಮಾತಿಗೆ ನಿಲ್ಲುವ ಬಾಯಿಯೇ ನನ್ನದು? ಎಲ್ಲ ಮುಗಿಸಿ ಮೊಬೈಲ್ ತೆಗೆದರೆ ಬರೀ ಶಾಂತಾಳ ಮಿಸ್ಡ್ ಕಾಲ್. ಗಾಬರಿಯಿಂದ ಫೋನ್ ಹಚ್ಚಿದೆ.

“ಟಂಟಂ ಬಿಟ್ಟೇನಿ,” ಎಂದಳು.

“ನಾ ನೋಡ್ಲಾರ್ದನ?”

“ನಿಮ್ಮ ದಾರಿ ಕಾಯ್ಕೋತ ಕುಂತ್ರ ಮದುವಿನ ಮುಗದ ಹೋಗ್ತೈತಿ.”

“ಮುರದು ಹೋದ್ರ?”

“ಮುರದ್ರ ಮಾನ ಹೋಗೂದು ನಂದು, ನಿಮ್ದಲ್ಲ. ಇಡ್ರಿ ಫೋನ್.”

ವಾಪಸ್ ಬಸ್ ಹತ್ತಿ ಕೂತೆ. ಅವಳ ಮಾನ ಉಳಿಯಲಿ ಎಂದು ದೇವರಿಗೆ ಕೈ ಮುಗಿದೆ. ಆಮೇಲೆ, ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾಲ್ಕು ರೊಟ್ಟಿಯಾದರೂ ಮುರಿಯಲಿ ಎಂದೂ ಬೇಡಿಕೊಂಡೆ. ಒಂದೂ ಮುರಿಯದಿದ್ದರೆ ನನ್ನ ಗತಿ ಏನು?

ನಾನು ಕೇಂದ್ರದ ಒಳಗೆ ಕಾಲಿಡುವುದಕ್ಕೂ ಕೊಲ್ಹಾರದಿಂದ ಅಣ್ಣನ ಫೋನ್ ಬರುವುದಕ್ಕೂ ಸರಿಹೋಯಿತು. ಶಾಂತಾಳ ಕೈಯೆಲ್ಲ ಹಿಟ್ಟಾಗಿತ್ತು, ಸ್ಪೀಕರಿಗೆ ಹಾಕಿದಳು.

“ತಂಗೀ, ಒಂದೂ ಮುರದಿಲ್ಲ ನೋಡವ್ವಾ! ಹೊತ್ತಿಗಿ ಸರಿಯಾಗಿ ಬಂದಾವು. ನಿಮ್ಮ ವೈನಿ ಬಂದವರಿಗೆಲ್ಲಾ ‘ನಮ್ಮ ಶಾಂತಾನ ರೊಟ್ಟಿ’ ಅಂತ ತೋರ್ಸಾಕತ್ತಾಳ. ಈ ಸಲ ಏನ್ ಬ್ಯಾರೆ ಮಾಡಿದ್ರಿ?”

ಶಾಂತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು.

“ಏನಿಲ್ಲಣ್ಣಾ, ಒಂದ್ ಕೆಲಸ ಕಡಿಮಿ ಮಾಡಿದ್ವಿ.”

ಕಸ್ತೂರವ್ವ ನಗು ತಡೆಯಲಾರದೆ ಗೋಡೆ ಕಡೆ ಮುಖ ತಿರುಗಿಸಿದಳು. ಎಲ್ಲ ವೇಸ್ಟ್ ಹುಡುಕಿದ್ದೆ, ಹುಡುಕುತ್ತಿದ್ದವನೊಬ್ಬ ಉಳಿದಿದ್ದ! ನಿಜ ಹೇಳಬೇಕೆಂದರೆ ನಾಚಿಕೆಯಾಯಿತು. ಅವಳ ಮುಖ ನೋಡಿ ಖುಷಿಯೂ ಆಯಿತು.

ಆದರೆ ನಾನೊಬ್ಬನೇ ಹೀಗಾ? ಸಾಹೇಬರು ನೋಡಬೇಕು ಅಂತ ಟೇಬಲ್ ಮೇಲೆ ಮಲಗಿದ ಫೈಲು, ಯಜಮಾನರು ರುಚಿ ನೋಡದೆ ಒಲೆಯಿಂದ ಇಳಿಯದ ಸಾರು, ಅಧ್ಯಕ್ಷರು ಬರದೆ ಶುರುವಾಗದ ಸಭೆ. ನಮ್ಮ ಅರ್ಧ ಬದುಕು ಯಾರದೋ ‘ಒಂದ್ ಸಲ ನಾ ನೋಡ್ತೇನಿ’ ಎದುರು ಕ್ಯೂ ನಿಂತಿದೆ. ಆ ನೋಡುವವನಿಗೋ, ತಾನಿಲ್ಲದಿದ್ದರೆ ಎಲ್ಲ ಕೆಟ್ಟು ಕೆರ ಹಿಡಿಯುತ್ತದೆ ಎಂಬ ಗಟ್ಟಿ ನಂಬಿಕೆ.

ಅನುಮಾನವಿದ್ದರೆ ನೀವೂ ಒಂದು ದಿನ ರಜೆ ಹಾಕಿ ನೋಡಿ. ಕೆಲಸ ಬೇಗ ಮುಗಿಯಿತೆಂದರೆ ಮಾತ್ರ, ಮರುದಿನ ಯಾರೆದುರಿಗೂ ಬಾಯಿ ಬಿಡಬೇಡಿ!