ಅಕ್ಕನ ಆಪರೇಷನ್

ಅಕ್ಕನ ಗರ್ಭಕೋಶ ತೆಗೆಸಬೇಕೆಂದು ತೀರ್ಮಾನಿಸಿದವನು ಕಾಕಾ. ಅಪ್ಪ ತೀರಿಕೊಂಡ ಮೇಲೆ ಖಾನಾಪುರದ ನಮ್ಮ ಮನೆಯಲ್ಲಿ ಎಲ್ಲವೂ ಅವನದೇ ದರಬಾರು. ಬೇಡವೆಂದು ನಾನು ಗಂಟಲು ಹರಿದುಕೊಂಡೆ. ಬೆಳಗಾವಿಗೆ ಮದುವೆ ಮಾಡಿಕೊಟ್ಟ ಮಗಳ ಮಾತಿಗೆ ತವರಿನಲ್ಲಿ ಏನು ಬೆಲೆ?

"ಮುಟ್ಟಾದರೂ ಅಕಿಗೆ ತಿಳಿಯಂಗಿಲ್ಲ, ಪಾಪ," ಎಂದ ಕಾಕಾ. ಶುದ್ಧ ಸುಳ್ಳು. ಅಕ್ಕನಿಗೆ ಸ್ಕಿಜೋಫ್ರೇನಿಯಾ ಇತ್ತು, ಗುಳಿಗೆ ಬಿಟ್ಟಾಗ ಗೋಡೆಯ ಜೊತೆ ಜಗಳಾಡುತ್ತಿದ್ದಳು, ಎಲ್ಲ ಖರೆ. ಆದರೆ ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದಳು. ಕಾಕಾನ ಭಯವೇ ಬೇರೆ. ಅವಳು ಆಗಾಗ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿ ಸಂಜೆಗೆ ಬರುತ್ತಿದ್ದಳು. ಬಸಿರಾದರೆ ಮನೆತನದ ಮಾನ ಮೂರಾಬಟ್ಟೆಯಾಗುತ್ತದಲ್ಲ!

ಆಪರೇಷನ್ ಆಯಿತು. ಅಲ್ಲಿಂದಾಚೆ ಅವಳು ಎಲ್ಲಿಗೆ ಹೋದಳು, ಯಾರ ಜೊತೆ ಹೋದಳು ಎಂದು ಯಾರೂ ಕೇಳಲಿಲ್ಲ. ಬೆಳಗಾವಿಯಲ್ಲಿ ನಾನು ಅವಳನ್ನು ತೋರಿಸುತ್ತಿದ್ದ ಮಾನಸಿಕ ರೋಗದ ಡಾಕ್ಟರೂ ಅಷ್ಟೇ. ನಿದ್ದೆ ಬರುತ್ತದೆಯೇ, ಗುಳಿಗೆ ನುಂಗುತ್ತಾಳೆಯೇ ಎನ್ನುವುದನ್ನೂ ನನ್ನನ್ನೇ ಕೇಳುತ್ತಿದ್ದರು. ತಲೆ ಕೆಟ್ಟವರಿಗೆ ಮೈಯೇ ಇರುವುದಿಲ್ಲ ಅಂದುಕೊಂಡಿದ್ದರೋ ಏನೋ.

ಕಳೆದ ವರ್ಷ ಜ್ವರ ಬಿಡದೆ ಕಾಡಿ ಅಕ್ಕ ಕಡ್ಡಿಯಾದಳು. ಬೆಳಗಾವಿಗೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಐವಿ. ಕೌನ್ಸೆಲರ್ ಹೆಂಗಸು ಅವಳ ಮುಖ ನೋಡದೆ, "ಇವರಿಗೆ ನೀವ ತಿಳಿಸಿ ಹೇಳ್ರಿ," ಎಂದು ನನಗೆ ಹೇಳಿದರು.

"ನನಗ ಹೇಳ್ರಿ ಬಾಯಾರ. ರೋಗ ಬಂದಿದ್ದು ನನಗ," ಎಂದಳು ಅಕ್ಕ.

ಆಕೆ ತಬ್ಬಿಬ್ಬಾದರು. ಆಮೇಲೆ ಕುರ್ಚಿ ತಿರುಗಿಸಿಕೊಂಡು, ನಿರೋಧ್ ಬಳಸುತ್ತಿದ್ದಿರೇನು ಎಂದು ಅವಳನ್ನೇ ಕೇಳಿದರು.

"ಮೊದಲ ಬಳಸ್ತಿದ್ವಿರಿ. ಬಸರಾದ್ರ ಮನ್ಯಾಗ ಕೊಲ್ತಾರಂತ ನಾನ ಹಟ ಹಿಡೀತಿದ್ದೆ. ಆಪರೇಷನ್ ಆದಮ್ಯಾಲೆ, ಇನ್ನ ನಿನಗ ಏನೂ ಆಗಂಗಿಲ್ಲ ಅಂತ ಕಾಕಾ ಹೇಳಿದ. ಅದಕ್ಕ ನಿರೋಧ್ ಬ್ಯಾಡಂತ ನಾನ ಅಂದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ಮನೆಯಲ್ಲಿ ತಲೆ ಓಡಿಸಿದವಳು ಇವಳೊಬ್ಬಳೇ, ಹುಚ್ಚಿ ಅನ್ನಿಸಿಕೊಂಡವಳೂ ಇವಳೇ.

"ಕಾಕಾಗ ನೀನ ಹೇಳ," ಎಂದಳು ಅಕ್ಕ, ಬಸ್ಸಿನಲ್ಲಿ. ಮನೆ ಮುಟ್ಟಿದೊಡನೆ ಹೇಳಿದೆ. ಕಾಕಾ ಉಟ್ಟ ಧೋತರ ಎತ್ತಿ ಕಟ್ಟಿಕೊಂಡು ಎದ್ದ. "ಯಾಂವ ಅಂವಾ? ಹೆಸರ ಹೇಳ, ಕೈಕಾಲ ಮುರೀತೀನಿ!"

"ಅಂವಾ ನಿರೋಧ್ ಹಾಕ್ಕೋತಿದ್ದ ಕಾಕಾ," ಎಂದೆ. "ಬಿಡಿಸಿದಾಂವ ನೀ."